ಕ್ರೀಡಾಗಾಯದ ನಂತರದ ಪುನಶ್ಚೇತನ: ದೇಹಭಂಗಿ ಮತ್ತು ಬಲ

ಆಟದಲ್ಲಿ ಪೆಟ್ಟು ಬಿದ್ದ ಅಥವಾ ಅತಿಬಳಕೆಯಿಂದ ನೊಂದ ಅಂಗವನ್ನು, ಅದರ ಜೊತೆಗೆ ಇಡೀ ದೇಹದ ಭಂಗಿ, ಚಲನೆ ಮತ್ತು ಬಲವನ್ನು ಮತ್ತೆ ಆಟದ ಮಟ್ಟಕ್ಕೆ ತರುವ ಕ್ರಮಬದ್ಧ ಚಿಕಿತ್ಸೆಯೇ ಕ್ರೀಡಾ ಪುನಶ್ಚೇತನ. ಫಿಸಿಯೋಥೆರಪಿ, ಮೂಳೆ ಶಸ್ತ್ರಚಿಕಿತ್ಸೆ, ವ್ಯಾಯಾಮ ವಿಜ್ಞಾನ, ಆಹಾರಶಾಸ್ತ್ರ, ಮನಶ್ಶಾಸ್ತ್ರಗಳ ತಿಳಿವಳಿಕೆ ಇದರಲ್ಲಿ ಒಟ್ಟು ಸೇರುತ್ತದೆ. ನೋವು ಹೋದರೆ ಗಾಯ ವಾಸಿಯಾದಂತೆ ಎಂಬ ನಂಬಿಕೆ ಆಟಗಾರರಲ್ಲೂ ಮನೆಯವರಲ್ಲೂ ಗಟ್ಟಿಯಾಗಿದೆ. ಆದರೆ ಮೊದಲು ಹೋಗುವುದು ನೋವು. ಬಲ ಮರಳುವುದು ಅದಾಗಿ ಎಷ್ಟೋ ವಾರಗಳ, ಕೆಲವೊಮ್ಮೆ ತಿಂಗಳುಗಳ ಮೇಲೆ. ನೋವಿಲ್ಲದ, ಆದರೆ ಬಲವೂ ಇಲ್ಲದ ಆ ನಡುಗಾಲದಲ್ಲಿ ಅಂಗಳಕ್ಕೆ ಇಳಿದವರಿಗೆ ಮರುಗಾಯದ ಅಪಾಯ ಹೆಚ್ಚು. ಭಂಗಿ ಸುಧಾರಣೆ ಮತ್ತು ಬಲವರ್ಧನೆಯ ಕೆಲಸವೆಲ್ಲ ನಡೆಯಬೇಕಾದದ್ದು ಈ ಅವಧಿಯಲ್ಲೇ.

ಹಿನ್ನೆಲೆ

ವ್ಯಾಯಾಮವನ್ನು ಚಿಕಿತ್ಸೆಯಾಗಿ ಸಂಸ್ಥೆಯೊಂದರ ಮೂಲಕ ಕಲಿಸಿದ ಮೊದಲಿಗರಲ್ಲಿ ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ಮುಖ್ಯರು. ಸ್ಟಾಕ್‌ಹೋಮ್‌ನಲ್ಲಿ 1813ರಲ್ಲಿ ಅವರು ಆರಂಭಿಸಿದ ವ್ಯಾಯಾಮ ಸಂಸ್ಥೆಯಿಂದ ‘ಸ್ವೀಡಿಷ್ ಜಿಮ್ನಾಸ್ಟಿಕ್ಸ್’ ಯುರೋಪಿನ ಶಾಲೆ, ಸೈನ್ಯ, ಆಸ್ಪತ್ರೆಗಳಿಗೆ ಹಬ್ಬಿತು. ಆದರೆ ಗಾಯಗೊಂಡವರ ಕೈಯಲ್ಲಿ ಭಾರ ಎತ್ತಿಸುವ ಧೈರ್ಯ ವೈದ್ಯರಿಗೆ ಬಂದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ಷಿಕಾಗೋದ ಗಾರ್ಡಿನರ್ ಸೇನಾ ಆಸ್ಪತ್ರೆಯಲ್ಲಿದ್ದ ಡಾ. ಥಾಮಸ್ ಡಿಲಾರ್ಮ್ ಹರೆಯದಲ್ಲಿ ರುಮ್ಯಾಟಿಕ್ ಜ್ವರದಿಂದ ಹಾಸಿಗೆ ಹಿಡಿದು, ಭಾರ ಎತ್ತುವ ಅಭ್ಯಾಸದಿಂದ ಚೇತರಿಸಿಕೊಂಡವರು. ಮಂಡಿಯ ಗಾಯದಿಂದ ಬಂದ ಸೈನಿಕರಿಗೆ ಕಡಿಮೆ ಭಾರದಲ್ಲಿ ನೂರಾರು ಬಾರಿ ಕಾಲು ಆಡಿಸುವ ಬದಲು ಹೆಚ್ಚು ಭಾರವನ್ನು ಕೆಲವೇ ಬಾರಿ ಎತ್ತಿಸಿ, ಅದನ್ನು ವಾರವಾರವೂ ಏರಿಸುತ್ತ ಹೋದರು. 1945ರಲ್ಲಿ ಇದನ್ನು ಪ್ರಕಟಿಸಿದರು. ಮುಂದೆ ಅವರೇ ಸರಳಗೊಳಿಸಿದ ‘ಹತ್ತರಂತೆ ಮೂರು ಸುತ್ತು’ ಇಂದಿಗೂ ಜಿಮ್‌ಗಳಲ್ಲಿ ದಿನನಿತ್ಯ ಕೇಳಿಬರುವ ಲೆಕ್ಕ.

ಶಸ್ತ್ರಚಿಕಿತ್ಸೆಯ ನಂತರ ಅಂಗವನ್ನು ಪ್ಲಾಸ್ಟರಿನಲ್ಲಿ ಕಟ್ಟಿಡುವ ಪದ್ಧತಿ ಆಮೇಲೂ ಬಹಳ ಕಾಲ ಉಳಿಯಿತು. ಮಂಡಿಯ ಅಸ್ಥಿರಜ್ಜು ಜೋಡಿಸಿದ ಮೇಲೆ ವಾರಗಟ್ಟಲೆ ಕಾಲು ಮಡಚದಂತೆ ನೋಡಿಕೊಳ್ಳುತ್ತಿದ್ದರು. ಅಮೆರಿಕದ ಇಂಡಿಯಾನಾಪೊಲಿಸ್‌ನ ಶಸ್ತ್ರಚಿಕಿತ್ಸಕ ಡೊನಾಲ್ಡ್ ಶೆಲ್ಬೋರ್ನ್ ವಿಚಿತ್ರವೊಂದನ್ನು ಗಮನಿಸಿದರು: ವೈದ್ಯರ ಮಾತು ಮೀರಿ ಬೇಗ ಓಡಾಡಲು ಆರಂಭಿಸಿದ ರೋಗಿಗಳೇ ಹೆಚ್ಚು ಚೆನ್ನಾಗಿ ಚೇತರಿಸಿಕೊಳ್ಳುತ್ತಿದ್ದರು. 1990ರಲ್ಲಿ ಅವರು ಪ್ರಕಟಿಸಿದ ‘ವೇಗದ ಪುನಶ್ಚೇತನ’ ಕ್ರಮ ಈ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಹೊಸ ಗಾಯಕ್ಕೆ ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಎತ್ತರಿಸಿ ಇಡುವುದು ಎಂಬ ನಾಲ್ಕು ಹೆಜ್ಜೆಯ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ಡಾ. ಗೇಬ್ ಮಿರ್ಕಿನ್ ಅವರೇ ಮುಂದೆ, ಮಂಜುಗಡ್ಡೆಯೂ ಪೂರ್ಣ ವಿಶ್ರಾಂತಿಯೂ ಗಾಯ ಮಾಯುವುದನ್ನು ತಡಮಾಡಬಹುದು ಎಂದು ನಿಲುವು ಬದಲಿಸಿದರು. ಮಂಜುಗಡ್ಡೆಗೆ ಈಗ ಉಳಿದಿರುವ ಪಾತ್ರ ಮೊದಲ ಒಂದೆರಡು ದಿನ ನೋವು ತಗ್ಗಿಸುವುದಷ್ಟೇ.

ಗಾಯದ ನಂತರ ದೇಹದಲ್ಲಿ ಆಗುವುದು

ಮೊದಲ ಕೆಲವು ದಿನ ಊತ ಮತ್ತು ಉರಿ. ಮುಂದಿನ ಕೆಲವು ವಾರಗಳಲ್ಲಿ ಹೊಸ ಅಂಗಾಂಶದ ಹೆಣಿಗೆ. ಆಮೇಲೆ ತಿಂಗಳುಗಳ ಕಾಲ ಆ ಹೆಣಿಗೆ ಬಿಗಿಗೊಳ್ಳುವುದು. ಮಾಯುವಿಕೆಯ ಸ್ಥೂಲ ಹಂತಗಳು ಇವು. ಮೂರನೆಯ ಹಂತದಲ್ಲಿ ಹೊಸ ನಾರುಗಳು ಯಾವ ದಿಕ್ಕಿಗೆ ಎಷ್ಟು ಎಳೆತ ಬೀಳುತ್ತದೋ ಆ ದಿಕ್ಕಿಗೆ ಜೋಡಿಸಿಕೊಳ್ಳುತ್ತವೆ. ಎಳೆತವೇ ಇಲ್ಲದಿದ್ದರೆ ಅಡ್ಡಾದಿಡ್ಡಿಯಾಗಿ, ದುರ್ಬಲವಾಗಿ ಉಳಿಯುತ್ತವೆ. ಅಳತೆಯ ಭಾರ ಔಷಧಿಯಷ್ಟೇ ಅಗತ್ಯ ಎನ್ನುವುದಕ್ಕೆ ಮೂಲ ಕಾರಣ ಇದು.

ಸ್ನಾಯು ಕರಗುವ ವೇಗವಂತೂ ಬೆಚ್ಚಿಬೀಳಿಸುವಂಥದ್ದು. ಆರೋಗ್ಯವಂತ ಯುವಕರ ಒಂದು ಕಾಲಿಗೆ ಪ್ಲಾಸ್ಟರ್ ಹಾಕಿ ನಡೆಸಿದ ಅಧ್ಯಯನದಲ್ಲಿ ಬರೀ 5 ದಿನಗಳಲ್ಲಿ ತೊಡೆಯ ಮುಂಭಾಗದ ಸ್ನಾಯುವಿನ ಗಾತ್ರ ಸುಮಾರು ಶೇ 3.5ರಷ್ಟು, ಬಲ ಸುಮಾರು ಶೇ 9ರಷ್ಟು ಇಳಿಯಿತು. 14 ದಿನಗಳಲ್ಲಿ ಗಾತ್ರ ಶೇ 8ಕ್ಕೂ ಹೆಚ್ಚು, ಬಲ ಶೇ 23ರಷ್ಟು ಕುಸಿಯಿತು. ಗಾತ್ರಕ್ಕಿಂತ ಬಲ ಬೇಗ ಇಳಿದದ್ದನ್ನು ಗಮನಿಸಬೇಕು. ಸ್ನಾಯುವಿನ ಜೊತೆಗೆ ಅದನ್ನು ನಡೆಸುವ ನರವ್ಯವಸ್ಥೆಯೂ ಹಿಂದೆ ಸರಿಯುತ್ತದೆ. ಮಂಡಿಯೊಳಗೆ 20ರಿಂದ 30 ಮಿಲಿಲೀಟರ್ ನೀರು ತುಂಬಿಕೊಂಡರೂ ಸಾಕು, ತೊಡೆಯ ಒಳಬದಿಯ ಸ್ನಾಯು ಸರಿಯಾಗಿ ಬಿಗಿಯಲು ನಿರಾಕರಿಸುತ್ತದೆ. ಕೀಲು ಊದಿದೆ, ಎಳೆಯಬೇಡ ಎಂದು ಬೆನ್ನುಹುರಿಯ ಮಟ್ಟದಲ್ಲೇ ಬೀಳುವ ತಡೆ ಇದು. ಇಚ್ಛಾಶಕ್ತಿಯಿಂದ ಇದನ್ನು ಮೀರಲಾಗದು. ಮಗ ಸೋಮಾರಿಯಾಗಿದ್ದಾನೆ, ಮನಸ್ಸು ಮಾಡುತ್ತಿಲ್ಲ ಎಂದು ದೂರುವ ತಂದೆತಾಯಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಮೊದಲು ಊತ ಇಳಿಯಬೇಕು, ಆಮೇಲೆ ಬಲದ ಮಾತು.

ಇದರ ಜೊತೆಗೆ ಕೀಲಿನ ಸುತ್ತಲ ಅರಿವೂ ಮಂಕಾಗುತ್ತದೆ. ಕಣ್ಣು ಮುಚ್ಚಿದರೂ ಪಾದ ಎಲ್ಲಿದೆ, ಮಂಡಿ ಎಷ್ಟು ಮಡಚಿದೆ ಎಂದು ತಿಳಿಸುವ ಸಂವೇದನೆ ಅಸ್ಥಿರಜ್ಜುಗಳಲ್ಲೂ ಇದೆ. ರಜ್ಜು ಹರಿದಾಗ ಆ ಸುದ್ದಿಯೂ ತುಂಡಾಗುತ್ತದೆ. ಒಮ್ಮೆ ಉಳುಕಿದ ಪಾದ ಮತ್ತೆ ಮತ್ತೆ ಉಳುಕುವುದರ ಹಿಂದೆ ಬಹುಮಟ್ಟಿಗೆ ಈ ಕಾರಣವಿದೆ. ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸ, ಮೊದಲು ಕಣ್ಣು ತೆರೆದು, ನಂತರ ಮುಚ್ಚಿ, ನಂತರ ಮೆತ್ತನೆಯ ದಿಂಬಿನ ಮೇಲೆ, ಈ ಅರಿವನ್ನು ಮತ್ತೆ ಚುರುಕುಗೊಳಿಸುತ್ತದೆ.

ದೇಹಭಂಗಿ

ಗಾಯಗೊಂಡ ದೇಹ ಕೂಡಲೇ ಹೊಂದಾಣಿಕೆ ಮಾಡಿಕೊಳ್ಳುತ್ತದೆ. ನೋವಿರುವ ಕಾಲಿನ ಮೇಲೆ ಭಾರ ಬಿಡುವುದಿಲ್ಲ, ಸೊಂಟ ಒಂದು ಪಕ್ಕಕ್ಕೆ ವಾಲುತ್ತದೆ, ಭುಜ ಮೇಲೇರುತ್ತದೆ, ಕುತ್ತಿಗೆ ಮುಂದಕ್ಕೆ ಚಾಚುತ್ತದೆ. ಮೊದಲ ವಾರಗಳಲ್ಲಿ ಇದು ರಕ್ಷಣೆ. ಗಾಯ ಮಾಯ್ದ ಮೇಲೂ ಉಳಿದರೆ ಅಭ್ಯಾಸ. ಇದನ್ನು ಕಂಡುಹಿಡಿಯಲು ದುಬಾರಿ ಯಂತ್ರ ಬೇಕಿಲ್ಲ. ತೂಕ ನೋಡುವ ಎರಡು ಮನೆಬಳಕೆಯ ಯಂತ್ರಗಳನ್ನು ಅಕ್ಕಪಕ್ಕ ಇಟ್ಟು, ಒಂದೊಂದರ ಮೇಲೆ ಒಂದೊಂದು ಪಾದ ಊರಿ, ನೇರ ಮುಂದೆ ನೋಡುತ್ತ ನಿಲ್ಲಿಸಬೇಕು. ಸಮನಾಗಿ ನಿಂತಿದ್ದೇನೆ ಎಂದೇ ಹೇಳುವ 60 ಕಿಲೋ ತೂಕದ ಹುಡುಗಿಯ ಬಲಪಾದದಡಿ 36, ಎಡಪಾದದಡಿ 24 ಎಂದು ಮುಳ್ಳು ತೋರಿಸುವುದು ಅಪರೂಪವಲ್ಲ. ಅವಳ ಮಾತೂ ಸುಳ್ಳಲ್ಲ. ಅವಳ ನರವ್ಯವಸ್ಥೆ ಆ 36–24ನ್ನೇ ಸಮ ಎಂದು ಒಪ್ಪಿಕೊಂಡಿದೆ. ಮುಳ್ಳನ್ನು ನೋಡುತ್ತ ಬಸ್ಕಿ ಹೊಡೆಯುವುದನ್ನು ಅಭ್ಯಾಸ ಮಾಡಿಸಿದರೆ, ಕಣ್ಣು ಕೊಡುವ ತಿದ್ದುಪಡಿಯಿಂದ ಭಾರ ಹಂಚಿಕೆ ನಿಧಾನವಾಗಿ ಸರಿಹೋಗುತ್ತದೆ.

ಭಂಗಿಯ ಬಗ್ಗೆ ವೈದ್ಯಕೀಯ ಅಭಿಪ್ರಾಯ ಕಳೆದ ಕೆಲವು ದಶಕಗಳಲ್ಲಿ ಬಹಳ ಸರಿದಿದೆ. ಕಿವಿ, ಭುಜ, ಸೊಂಟದ ಕೀಲು, ಮಂಡಿಗಳು ತೂಗುದಾರದ ಒಂದೇ ಗೆರೆಯಲ್ಲಿರಬೇಕು ಎಂಬ ಅಳತೆಯನ್ನು ಅಮೆರಿಕದ ಫಿಸಿಯೋಥೆರಪಿಸ್ಟ್ ಫ್ಲಾರೆನ್ಸ್ ಕೆಂಡಾಲ್ ಅವರ ಪಠ್ಯಪುಸ್ತಕ ತಲೆಮಾರುಗಳಿಗೆ ಕಲಿಸಿತು. ಜೆಕ್ ವೈದ್ಯ ವ್ಲಾದಿಮಿರ್ ಯಾಂಡಾ ಕೆಲವು ಸ್ನಾಯುಗಳು ಬಿಗಿಯುವುದು, ಅವುಗಳ ಎದುರಿನವು ಸಡಿಲವಾಗುವುದು ಒಂದು ಮಾದರಿಯಲ್ಲಿ ನಡೆಯುತ್ತದೆ ಎಂದು ವಿವರಿಸಿದರು: ಎದೆಯ ಮುಂಭಾಗ ಬಿಗಿದು ಭುಜ ಮುಂದಕ್ಕೆ ಬಾಗುವುದು, ಸೊಂಟದ ಮುಂಭಾಗ ಬಿಗಿದು ಹೊಟ್ಟೆ ಮುಂದೆ ಬರುವುದು. ಈ ವಿವರಣೆಗಳು ಪರೀಕ್ಷೆಗೆ ಇಂದಿಗೂ ನೆರವಾಗುತ್ತವೆ. ಆದರೆ ಎಲ್ಲರಿಗೂ ಸಲ್ಲುವ ಒಂದೇ ಆದರ್ಶ ಭಂಗಿ ಇದೆ, ಅದು ತಪ್ಪಿದರೆ ನೋವು ಖಚಿತ ಎಂಬ ಮಾತಿಗೆ ಪುರಾವೆ ಗಟ್ಟಿಯಿಲ್ಲ. ಭುಜ ಬಾಗಿದ್ದೂ ನೋವೇ ಇಲ್ಲದ ಈಜುಗಾರರಿದ್ದಾರೆ. ನೆಟ್ಟಗೆ ನಿಲ್ಲುವ, ನೋವು ತಿನ್ನುವ ಓಟಗಾರರಿದ್ದಾರೆ.

ಹಾಗಾಗಿ ‘ನೆಟ್ಟಗೆ ನಿಲ್ಲು, ಎದೆ ಮುಂದೆ ಮಾಡು’ ಎಂಬ ಆಜ್ಞೆಯಿಂದ ಹೆಚ್ಚೇನೂ ಆಗದು. ಎರಡು ನಿಮಿಷದಲ್ಲಿ ದೇಹ ತನ್ನ ಹಳೆಯ ಜಾಗಕ್ಕೆ ಮರಳುತ್ತದೆ, ಏಕೆಂದರೆ ಹೊಸ ಭಂಗಿಯಲ್ಲಿ ಹಿಡಿದಿಡುವ ಸ್ನಾಯುವಿಗೆ ತ್ರಾಣವಿಲ್ಲ. ಬೆನ್ನಿನ ಮೇಲ್ಭಾಗ, ಭುಜದೆಲುಬಿನ ಸುತ್ತ, ಹೊಟ್ಟೆಯ ಆಳದ ಪದರ, ಪೃಷ್ಠ ಇವುಗಳಿಗೆ ತ್ರಾಣ ಬಂದಾಗ ಭಂಗಿ ತಾನಾಗಿ ಬದಲಾಗುತ್ತದೆ. ದಿನವಿಡೀ ಒಂದೇ ‘ಸರಿಯಾದ’ ಭಂಗಿಯಲ್ಲಿ ಬಿಗಿದು ಕೂರುವುದಕ್ಕಿಂತ ಅರ್ಧ ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸುವುದು ಲೇಸು. ಸುಸ್ತಾದಾಗ ಭಂಗಿ ಹೇಗಿರುತ್ತದೆ ಎನ್ನುವುದು ಆಟಗಾರರಿಗೆ ಇನ್ನೂ ಮುಖ್ಯ. ತಾಜಾ ಇದ್ದಾಗ ಒಂಟಿಕಾಲ ಬಸ್ಕಿಯಲ್ಲಿ ಮಂಡಿ ನೇರ ಇರುವ ಕಬಡ್ಡಿ ಆಟಗಾರ, ಇಪ್ಪತ್ತು ನಿಮಿಷ ಆಡಿದ ಮೇಲೆ ಅದೇ ಮಂಡಿಯನ್ನು ಒಳಕ್ಕೆ ಬೀಳಿಸುತ್ತಾನೆ. ಪರೀಕ್ಷೆ ನಡೆಯಬೇಕಾದದ್ದು ಆಗ.

ಬಲ ಕಟ್ಟುವ ಕ್ರಮ

ಮಂಡಿಯ ಉದಾಹರಣೆಯಲ್ಲೇ ನೋಡಬಹುದು. ಆರಂಭ ಹಾಸಿಗೆಯ ಮೇಲೆ. ಸುರುಳಿ ಸುತ್ತಿದ ಟವೆಲನ್ನು ಮಂಡಿಯಡಿ ಇಟ್ಟು, ಅದನ್ನು ಹಾಸಿಗೆಗೆ ಅದುಮುವಂತೆ ತೊಡೆ ಬಿಗಿದು ಐದಾರು ಸೆಕೆಂಡ್ ಹಿಡಿಯುವುದು. ಮಂಡಿಚಿಪ್ಪು ಮೇಲಕ್ಕೆ ಸರಿಯುವುದು ಕಣ್ಣಿಗೆ ಕಾಣಬೇಕು. ಅದು ಸರಿಯದಿದ್ದರೆ ಸ್ನಾಯು ಇನ್ನೂ ಎಚ್ಚೆತ್ತಿಲ್ಲ ಎಂದರ್ಥ. ಅಂಥವರಿಗೆ ಕೆಲವು ವಾರ ವಿದ್ಯುತ್ ಪ್ರಚೋದನೆಯ ನೆರವು ಕೊಡುತ್ತಾರೆ. ನಂತರ ನೇರ ಕಾಲು ಎತ್ತುವುದು, ಗೋಡೆಗೆ ಬೆನ್ನು ಕೊಟ್ಟು ಕೂರುವುದು, ಕುರ್ಚಿಯಿಂದ ಏಳುವುದು, ಅರ್ಧ ಬಸ್ಕಿ, ಪೂರ್ಣ ಬಸ್ಕಿ, ಮೆಟ್ಟಿಲು ಇಳಿಯುವುದು, ಒಂಟಿಕಾಲ ಬಸ್ಕಿ, ಭಾರ ಹೊತ್ತ ಬಸ್ಕಿ, ಕೊನೆಗೆ ಜಿಗಿತ. ಪ್ರತಿ ಮೆಟ್ಟಿಲಿಗೂ ತಾರೀಖಿನ ಬದಲು ಒಂದು ಅರ್ಹತೆ ಇರಬೇಕು: ಹಿಂದಿನದನ್ನು ಊತವಿಲ್ಲದೆ, ಸೊಂಟ ವಾಲದೆ ಮಾಡಬಲ್ಲವರು ಮುಂದಿನದಕ್ಕೆ ಹೋಗುತ್ತಾರೆ.

ಬಲ ನಿಜವಾಗಿ ಹೆಚ್ಚಲು ಭಾರ ಸಾಕಷ್ಟು ಇರಬೇಕು. ಒಂದೇ ಬಾರಿ ಎತ್ತಬಹುದಾದ ಗರಿಷ್ಠ ಭಾರದ ಶೇ 60ರಿಂದ 80ರಷ್ಟನ್ನು 8ರಿಂದ 12 ಬಾರಿ, ವಾರಕ್ಕೆ ಎರಡು ಮೂರು ದಿನ ಎತ್ತುವುದು ಸಾಮಾನ್ಯ ಕ್ರಮ. ಬಣ್ಣದ ರಬ್ಬರ್ ಪಟ್ಟಿ ಎಳೆಯುತ್ತಲೇ ಆರು ತಿಂಗಳು ಕಳೆದು, ಭಾರ ಮುಟ್ಟದೆ ಅಂಗಳಕ್ಕೆ ಮರಳುವವರ ಸಂಖ್ಯೆ ದೊಡ್ಡದು. ನಮ್ಮಲ್ಲಿನ ಪುನಶ್ಚೇತನದ ಅತಿ ಸಾಮಾನ್ಯ ಕೊರತೆ ಅತಿಯಾದ ಎಚ್ಚರಿಕೆ ಎಂದು ಧೈರ್ಯವಾಗಿ ಹೇಳಬಹುದು.

ನೋವು ಇದ್ದರೆ ವ್ಯಾಯಾಮ ನಿಲ್ಲಿಸಬೇಕೇ? ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಮೂರು ನಾಲ್ಕರೊಳಗಿನ ನೋವು, ಮರುದಿನ ಬೆಳಿಗ್ಗೆ ಹಿಂದಿನ ಮಟ್ಟಕ್ಕೆ ಇಳಿದಿದ್ದರೆ, ಬಹುತೇಕ ಅತಿಬಳಕೆಯ ಗಾಯಗಳಲ್ಲಿ ಅದು ಒಪ್ಪುವಂಥದ್ದು. ಮರುದಿನ ಕೀಲು ಊದಿದ್ದರೆ ಅಥವಾ ಕುಂಟು ಹೆಚ್ಚಿದ್ದರೆ ಭಾರ ಇಳಿಸಬೇಕು. ಒತ್ತಡದಿಂದ ಬಿರುಕು ಬಿಟ್ಟ ಮೂಳೆಗೆ ಮಾತ್ರ ಈ ರಿಯಾಯಿತಿ ಇಲ್ಲ. ಅಲ್ಲಿ ನೋವಿಲ್ಲದ ಚಲನೆಯೇ ಮಿತಿ.

ಒಂದು ಕಾಲು ಕಟ್ಟಿನಲ್ಲಿದ್ದಾಗಲೂ ಇನ್ನೊಂದಕ್ಕೆ ಕೆಲಸ ಕೊಡುವುದು ವ್ಯರ್ಥವಲ್ಲ. ಒಂದು ಬದಿಗೆ ಕೊಟ್ಟ ಅಭ್ಯಾಸದಿಂದ ಇನ್ನೊಂದು ಬದಿಯ ಬಲವೂ ಏರುತ್ತದೆ ಎಂದು ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಸ್ಕ್ರಿಪ್ಚರ್ 1894ರಲ್ಲೇ ತೋರಿಸಿದ್ದರು. ಭಾರ ಸಹಿಸದ ದಿನಗಳಲ್ಲಿ ಈಜುಕೊಳ ಒಳ್ಳೆಯ ಆಸರೆ: ಸೊಂಟದ ಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ತೂಕ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಜಪಾನಿನ ಯೋಷಿಯಾಕಿ ಸಾತೊ ರೂಪಿಸಿದ ಇನ್ನೊಂದು ವಿಧಾನದಲ್ಲಿ ತೊಡೆಯ ಬುಡಕ್ಕೆ ಪಟ್ಟಿ ಬಿಗಿದು ರಕ್ತದ ಹರಿವನ್ನು ಭಾಗಶಃ ತಡೆದು, ಗರಿಷ್ಠದ ಶೇ 20–30ರಷ್ಟೇ ಭಾರದಲ್ಲಿ ಸ್ನಾಯು ಬೆಳೆಸುತ್ತಾರೆ. ತರಬೇತಾದವರ ಕಣ್ಗಾವಲಿಲ್ಲದೆ ಇದನ್ನು ಮನೆಯಲ್ಲಿ ಹಗ್ಗ ಕಟ್ಟಿ ಮಾಡುವುದು ಅಪಾಯ.

ಮೈಸೂರು ಸೀಮೆಯ ಗರಡಿಮನೆಗಳ ದಂಡ, ಬಸ್ಕಿ, ಗದೆ ತಿರುಗಿಸುವುದು ಇವೆಲ್ಲ ಇದೇ ತತ್ತ್ವದ ಹಳೆಯ ರೂಪಗಳು. ಪೈಲ್ವಾನರ ಬಸ್ಕಿಯಲ್ಲಿ ಹಿಮ್ಮಡಿ ಎದ್ದು ಮಂಡಿ ಬಹಳ ಮುಂದೆ ಚಾಚುವುದರಿಂದ ಮಂಡಿಚಿಪ್ಪಿನ ಮೇಲೆ ಒತ್ತಡ ಜಾಸ್ತಿ. ಆರೋಗ್ಯವಂತನಿಗೆ ಒಗ್ಗುವ ಅದನ್ನು ಗಾಯಾಳುವಿಗೆ ಕೊನೆಯ ಹಂತಗಳಲ್ಲಿ ಕೊಡುವುದು ಒಳ್ಳೆಯದು. ಯೋಗಾಸನದಲ್ಲಿ ಹಗ್ಗ, ಪಟ್ಟಿ, ಮರದ ಇಟ್ಟಿಗೆಗಳ ಆಸರೆ ಕೊಟ್ಟು ದುರ್ಬಲ ದೇಹಕ್ಕೂ ಆಸನ ಎಟುಕುವಂತೆ ಮಾಡಿದವರು 1918ರಲ್ಲಿ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಚಲನೆಯ ವ್ಯಾಪ್ತಿ, ಉಸಿರಾಟ, ಸಮತೋಲನಕ್ಕೆ ಆ ಕ್ರಮ ಚೆನ್ನಾಗಿ ಒದಗುತ್ತದೆ. ಓಟ, ಜಿಗಿತಗಳಿಗೆ ಬೇಕಾದ ಭಾರದ ಅಭ್ಯಾಸದ ಜಾಗವನ್ನು ಅದು ತುಂಬದು.

ಬೆನ್ನು: ವೇಗದ ಬೌಲರನ ಉದಾಹರಣೆ

ಭಂಗಿ, ಬಲ ಮತ್ತು ಗಾಯ ಹೇಗೆ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದನ್ನು ವೇಗದ ಬೌಲರುಗಳ ಬೆನ್ನಿನಷ್ಟು ಸ್ಪಷ್ಟವಾಗಿ ತೋರಿಸುವ ಪ್ರಕರಣ ಇನ್ನೊಂದಿಲ್ಲ. ಚೆಂಡು ಬಿಡುವ ಮುನ್ನ ಮುಂಗಾಲು ಕ್ರೀಸಿನಲ್ಲಿ ಬಡಿಯುವಾಗ ದೇಹತೂಕದ ಐದು ಪಟ್ಟಿಗೂ ಮೀರಿದ ಬಲ ಕಾಲಿನಿಂದ ಮೇಲೇರುತ್ತದೆ. ಅದೇ ಕ್ಷಣ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚುತ್ತಿರುತ್ತದೆ. ಸೊಂಟದ ಕೆಳ ಕಶೇರುಗಳ ಹಿಂಭಾಗದಲ್ಲಿರುವ ತೆಳು ಮೂಳೆಯ ಸೇತುವೆ, ಹೆಚ್ಚಾಗಿ ಬೌಲಿಂಗ್ ಕೈಯ ಎದುರು ಬದಿಯದು, ಈ ಪುನರಾವರ್ತಿತ ಹೊರೆಗೆ ಬಿರುಕು ಬಿಡುತ್ತದೆ. ಮೂಳೆ ಇನ್ನೂ ಬಲಿಯುತ್ತಿರುವ ಹದಿಹರೆಯ ಮತ್ತು ಇಪ್ಪತ್ತರ ಆರಂಭದ ಬೌಲರುಗಳೇ ಇದಕ್ಕೆ ಹೆಚ್ಚು ತುತ್ತಾಗುತ್ತಾರೆ.

ಆಸ್ಟ್ರೇಲಿಯದ ಡೆನಿಸ್ ಲಿಲ್ಲಿ 1973ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಕುಸಿದಾಗ ಅವರ ಕೆಳಬೆನ್ನಿನಲ್ಲಿ ಇಂಥ ಬಿರುಕುಗಳು ಪತ್ತೆಯಾದವು. ಕ್ರಿಕೆಟ್ ಬದುಕು ಮುಗಿಯಿತು ಎಂದವರು ಅನೇಕರು. ಮುಂಡಕ್ಕೆ ಆರು ವಾರ ಪ್ಲಾಸ್ಟರ್ ಹಾಕಿದರು. ಅದನ್ನು ಬಿಚ್ಚಿದ ಮೇಲೆ ಪರ್ತ್‌ನ ವೆಸ್ಟರ್ನ್ ಆಸ್ಟ್ರೇಲಿಯ ವಿಶ್ವವಿದ್ಯಾಲಯದ ವ್ಯಾಯಾಮ ವಿಜ್ಞಾನಿ ಫ್ರ್ಯಾಂಕ್ ಪೈಕ್ ಅವರ ಮಾರ್ಗದರ್ಶನದಲ್ಲಿ ಹೊಟ್ಟೆ, ಬೆನ್ನು, ಕಾಲುಗಳ ಬಲವನ್ನು ತಳದಿಂದ ಕಟ್ಟುವ ಕಾರ್ಯಕ್ರಮ ನಡೆಯಿತು. ಬೌಲಿಂಗ್ ಶೈಲಿಯೂ ಬದಲಾಯಿತು. 1974–75ರ ಆ್ಯಷಸ್ ಸರಣಿಗೆ ಮರಳಿದ ಲಿಲ್ಲಿ 25 ವಿಕೆಟ್ ಪಡೆದರು. 70 ಟೆಸ್ಟ್‌ಗಳಲ್ಲಿ 355 ವಿಕೆಟ್‌ಗಳೊಂದಿಗೆ ನಿವೃತ್ತರಾದರು. ಕ್ರಿಕೆಟಿಗನೊಬ್ಬ ವಿಶ್ವವಿದ್ಯಾಲಯದ ಪ್ರಯೋಗಾಲಯದ ನೆರವಿನಿಂದ ಮರಳಿ ಬಂದ ಮೊದಲ ಪ್ರಸಿದ್ಧ ಪ್ರಕರಣಗಳಲ್ಲಿ ಇದೂ ಒಂದು. ಅದೇ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ನಡೆದ ಅಧ್ಯಯನಗಳು ಇನ್ನೊಂದು ಮುಖ್ಯ ಸಂಗತಿ ಹೊರತಂದವು: ಸೊಂಟ ಒಂದು ದಿಕ್ಕಿಗೆ, ಭುಜ ಇನ್ನೊಂದಕ್ಕೆ ನಿಂತ ‘ಮಿಶ್ರ’ ಶೈಲಿಯ ಬೌಲರುಗಳಲ್ಲಿ ಬೆನ್ನಿನ ಗಾಯ ಹೆಚ್ಚು. ಕಿರಿಯ ಬೌಲರುಗಳು ದಿನಕ್ಕೆ ಎಷ್ಟು ಓವರ್ ಹಾಕಬಹುದು ಎಂಬ ಮಿತಿಗಳ ಹಿಂದೆ ಇಂಥ ಸಂಶೋಧನೆ ಇದೆ.

ಇಂದಿನ ಕ್ರಮದಲ್ಲಿ ಆರಂಭದ ಕೆಲವು ತಿಂಗಳು ಬೌಲಿಂಗ್ ಸಂಪೂರ್ಣ ನಿಲ್ಲುತ್ತದೆ, ಬೆನ್ನು ಹಿಂದಕ್ಕೆ ಬಾಗಿಸುವ ವ್ಯಾಯಾಮಗಳೂ ನಿಲ್ಲುತ್ತವೆ. ಹೊಟ್ಟೆಯ ಆಳದ ಪದರ ಬಿಗಿದು ಮುಂಡವನ್ನು ಅಲುಗದಂತೆ ಹಿಡಿಯುವ ಹಲಗೆ ಭಂಗಿ, ಪಕ್ಕದ ಹಲಗೆ ಭಂಗಿ, ಕೈಕಾಲೂರಿ ಎದುರು ಬದಿಯ ಕೈಕಾಲು ಎತ್ತುವುದು ಮೊದಲ ಮೆಟ್ಟಿಲು. ಸೊಂಟದ ಕೀಲು ಸರಿಯಾಗಿ ತಿರುಗದಿದ್ದರೆ ಆ ತಿರುವನ್ನೂ ಬೆನ್ನೇ ಹೊರಬೇಕಾಗುವುದರಿಂದ ಅದರ ಸಡಿಲಿಕೆಯೂ ಇಲ್ಲಿ ಬರುತ್ತದೆ. ಆಮೇಲೆ ಭಾರ, ಓಟ, ನಿಂತಲ್ಲಿಂದ ಚೆಂಡು ಎಸೆತ, ಕಡಿಮೆ ಹೆಜ್ಜೆಯ ಓಟದಿಂದ ಬೌಲಿಂಗ್, ಎಸೆತಗಳ ಲೆಕ್ಕವಿಟ್ಟು ವಾರವಾರದ ಏರಿಕೆ. ಹಲವು ತಿಂಗಳು ಸುಮ್ಮನಿದ್ದ ಮೂಳೆಯ ಸಾಂದ್ರತೆ ಮರಳಲು ಕಾಲ ಬೇಕು; ಈ ಏರಿಕೆಯನ್ನು ಅವಸರಿಸಿದವರೇ ಮತ್ತೆ ಗಾಯಗೊಂಡು ಮರಳಿ ಬರುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಬೆನ್ನಿನ ಗಾಯದಿಂದ ತಂಡದಿಂದ ಹೊರಗುಳಿದ ಜಸ್‌ಪ್ರೀತ್ ಬೂಮ್ರಾ 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಕರ್ನಾಟಕದ ವೇಗಿ ಪ್ರಸಿದ್ಧ ಕೃಷ್ಣ ಅವರಿಗೂ ಕೆಳಬೆನ್ನಿನ ಒತ್ತಡದ ಬಿರುಕು ಕಾಡಿತ್ತು. ಇಬ್ಬರೂ ಅಂತರರಾಷ್ಟ್ರೀಯ ಅಂಗಳಕ್ಕೆ ಮರಳಿದ್ದು 2023ರ ಆಗಸ್ಟ್‌ನ ಐರ್ಲೆಂಡ್ ಸರಣಿಯಲ್ಲಿ, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ದುಡಿದ ಮೇಲೆ.

ಮಂಡಿ, ಭುಜ, ಹಿಮ್ಮಡಿ

ಕಬಡ್ಡಿಯಲ್ಲಿ ರೈಡರ್ ಗಕ್ಕನೆ ತಿರುಗುವಾಗ ಡಿಫೆಂಡರ್ ಕಾಲು ಹಿಡಿದಿರುತ್ತಾನೆ. ಪಾದ ಮ್ಯಾಟಿಗೆ ಕಚ್ಚಿಕೊಂಡಿರುತ್ತದೆ, ಮೇಲಿನ ದೇಹ ತಿರುಗುತ್ತದೆ. ಮಂಡಿಯೊಳಗಿನ ಮುಂಭಾಗದ ಅಡ್ಡರಜ್ಜು ಹರಿಯಲು ಇಷ್ಟು ಸಾಕು. ಫುಟ್‌ಬಾಲ್, ಬಾಸ್ಕೆಟ್‌ಬಾಲ್, ಬ್ಯಾಡ್ಮಿಂಟನ್‌ಗಳಲ್ಲಿ ಯಾರೂ ಮುಟ್ಟದೆಯೂ, ಜಿಗಿದು ಇಳಿಯುವಾಗ ಇದು ಹರಿಯುತ್ತದೆ. ಒಂದೇ ಆಟ ಆಡುವ ಹೆಣ್ಣುಮಕ್ಕಳಲ್ಲಿ ಈ ಗಾಯ ಗಂಡುಮಕ್ಕಳಿಗಿಂತ ಎರಡು ಮೂರು ಪಟ್ಟು ಹೆಚ್ಚು. ಆದರೂ ನಮ್ಮ ಹೈಸ್ಕೂಲು ತಂಡಗಳಲ್ಲಿ ಹುಡುಗಿಯರಿಗೆ ಬಲದ ಅಭ್ಯಾಸ ಕೊಡುವುದು ತೀರ ಕಡಿಮೆ ಎನ್ನುವುದು ದುಃಖದ ಸಂಗತಿ. ರಜ್ಜು ಮರುಜೋಡಣೆಯಾದ ಮೇಲೆ ಹೊಸ ರಜ್ಜು ಎರಡು ಮೂರು ತಿಂಗಳ ಹೊತ್ತಿಗೆ ಅತಿ ದುರ್ಬಲವಾಗಿರುತ್ತದೆ, ನೋವು ಹೋಗಿ ಆಟಗಾರನಿಗೆ ಉತ್ಸಾಹ ಬರುವುದೂ ಅದೇ ಹೊತ್ತಿಗೆ. ನಾರ್ವೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂಬತ್ತು ತಿಂಗಳವರೆಗೆ ಮರಳುವಿಕೆಯನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯಿತು. ಟೂರ್ನಿಗೆ ಮುಂಚೆ ಆರು ತಿಂಗಳಲ್ಲೇ ಬಿಡಿ ಎಂದು ಒತ್ತಾಯಿಸುವ ತಂಡಗಳ ಕಣ್ಣಮುಂದೆ ಇಡಬೇಕಾದ ಅಂಕಿ ಇದು.

ಭುಜದಲ್ಲಿ ಸಮಸ್ಯೆ ಬೇರೆ. ತೋಳನ್ನು ಗುಳಿಯಲ್ಲಿ ಹಿಡಿದಿಡುವ ನಾಲ್ಕು ಚಿಕ್ಕ ಸ್ನಾಯುಗಳು ಎಸೆತದ ರಭಸವನ್ನು ತಡೆದು ನಿಲ್ಲಿಸುವ ಕೆಲಸದಲ್ಲಿ ಸವೆಯುತ್ತವೆ. ಜಾವಗಲ್ ಶ್ರೀನಾಥ್ 1997ರಲ್ಲಿ ಇದೇ ಸ್ನಾಯುಗುಚ್ಛದ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡು ಅದೇ ವರ್ಷ ಮರಳಿದರು. ಅನಿಲ್ ಕುಂಬ್ಳೆ ಭುಜದ ಶಸ್ತ್ರಚಿಕಿತ್ಸೆಯಿಂದಾಗಿ 2001ರ ಆಸ್ಟ್ರೇಲಿಯ ಸರಣಿಯಲ್ಲಿ ಆಡಲಿಲ್ಲ. ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಬಂದದ್ದು ಅದರ ನಂತರ. ಭುಜದ ಪುನಶ್ಚೇತನ ಆರಂಭವಾಗುವುದು ಭುಜದೆಲುಬಿನಿಂದ ಮತ್ತು ಎದೆಗೂಡಿನ ಬೆನ್ನಿನಿಂದ. ಆ ನೆಲೆ ಅಲುಗಾಡುತ್ತಿದ್ದರೆ ತೋಳಿಗೆ ಎಷ್ಟು ಬಲ ಬಂದರೂ ಕೀಲಿನ ಮೇಲಿನ ಹೊರೆ ತಗ್ಗದು. ಬೆಂಚಿನ ಮೇಲೆ ಬೋರಲು ಮಲಗಿ ಕೈಗಳನ್ನು ಪಕ್ಕಕ್ಕೆ ಎತ್ತುವುದು, ಗೋಡೆಗೆ ಕೈ ಊರಿ ಮಾಡುವ ದಂಡ, ರಬ್ಬರ್ ಪಟ್ಟಿ ಹಿಡಿದು ತೋಳನ್ನು ಹೊರಕ್ಕೆ ತಿರುಗಿಸುವುದು ಇಲ್ಲಿನ ನಿತ್ಯದ ಅಭ್ಯಾಸಗಳು.

ಹಿಮ್ಮಡಿಯ ಸ್ನಾಯುರಜ್ಜಿನ ನೋವಿಗೆ ಸ್ವೀಡನ್ನಿನ ಶಸ್ತ್ರಚಿಕಿತ್ಸಕ ಹಾಕನ್ ಆಲ್ಫ್ರೆಡ್ಸನ್ 1998ರಲ್ಲಿ ಪ್ರಕಟಿಸಿದ ಕ್ರಮ ಪ್ರಸಿದ್ಧ. ತಮ್ಮದೇ ಹಿಮ್ಮಡಿ ನೋವಿಗೆ ಬೇಸತ್ತ ಅವರು, ರಜ್ಜು ಹರಿದೇ ಹೋಗಲಿ ಎಂದು ಭಾರ ಹೇರತೊಡಗಿದಾಗ ನೋವೇ ಮಾಯವಾಯಿತಂತೆ. ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಊರಿ ನಿಂತು, ಒಳ್ಳೆಯ ಕಾಲಿನಿಂದ ಮೇಲೇರಿ, ನೋವಿನ ಕಾಲಿನ ಮೇಲೆ ನಿಧಾನವಾಗಿ ಹಿಮ್ಮಡಿ ಇಳಿಸುವುದು. ಮಂಡಿ ನೇರ ಇಟ್ಟು 15ರಂತೆ ಮೂರು ಸುತ್ತು, ಮಂಡಿ ಮಡಚಿ ಅಷ್ಟೇ, ದಿನಕ್ಕೆರಡು ಹೊತ್ತು, 12 ವಾರ. ಅಧ್ಯಯನದಲ್ಲಿದ್ದ 15 ಓಟಗಾರರೂ ಓಟಕ್ಕೆ ಮರಳಿದರು. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ಗೂ ಇಂಥ ‘ಇಳಿಸುವಾಗ ತಡೆಯುವ’ ವ್ಯಾಯಾಮವೇ ಮದ್ದು. ಮಂಡಿಯೂರಿ ಕೂತು, ಜೊತೆಗಾರ ಪಾದ ಹಿಡಿದಿರಲು, ಮುಂಡವನ್ನು ನಿಧಾನವಾಗಿ ಮುಂದಕ್ಕೆ ಬಿಡುವ ನಾರ್ಡಿಕ್ ಅಭ್ಯಾಸವನ್ನು ಸೇರಿಸಿಕೊಂಡ ತಂಡಗಳಲ್ಲಿ ಈ ಗಾಯಗಳು ಸುಮಾರು ಅರ್ಧಕ್ಕಿಳಿದಿವೆ. ಕೆ.ಎಲ್. ರಾಹುಲ್ 2023ರ ಮೇ 1ರಂದು ಲಖನೌದಲ್ಲಿ ಚೆಂಡಿನ ಹಿಂದೆ ಓಡುವಾಗ ಬಲತೊಡೆಗೆ ಪೆಟ್ಟಾಗಿ, ಶಸ್ತ್ರಚಿಕಿತ್ಸೆಗೆ ಒಳಗಾಗಿ, ಸೆಪ್ಟೆಂಬರ್‌ನ ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಅಜೇಯ 111 ರನ್‌ಗಳೊಂದಿಗೆ ಮರಳಿದರು.

ಆಹಾರ ಮತ್ತು ನಿದ್ದೆ

ಸ್ನಾಯು ಕಟ್ಟಲು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.6 ಗ್ರಾಂ ಅಥವಾ ತುಸು ಹೆಚ್ಚು ಪ್ರೋಟೀನ್ ಬೇಕು. 60 ಕಿಲೋದವರಿಗೆ ಸುಮಾರು ನೂರು ಗ್ರಾಂ. ನಮ್ಮ ಊಟದಲ್ಲಿ ಇದು ಸುಲಭವಾಗಿ ಸೇರುವುದಿಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಪ್ರೋಟೀನ್ ಮಾತ್ರ ಏಳೆಂಟು ಗ್ರಾಂ. ಮುದ್ದೆಗೆ ತಿಳಿಸಾರು ಬಿಟ್ಟುಕೊಂಡು ಉಂಡರೆ ಬೇಳೆಯ ಸತ್ವ ಪಾತ್ರೆಯಲ್ಲೇ ಉಳಿಯುತ್ತದೆ. ಬಸ್ಸಾರು ಮಾಡಿದ ದಿನ ಕಟ್ಟು ಸಾರಾಗುತ್ತದೆ, ಕಾಳು ಪಲ್ಯವಾಗುತ್ತದೆ. ಗಾಯಾಳುವಿನ ತಟ್ಟೆಯಲ್ಲಿ ಆ ಹುರುಳಿ, ಹೆಸರು, ಅವರೆಕಾಳಿನ ಪಲ್ಯದ ಪಾಲು ದೊಡ್ಡದಿರಬೇಕು. ಒಣ ಹುರುಳಿಯ ನೂರು ಗ್ರಾಂನಲ್ಲಿ 22 ಗ್ರಾಂನಷ್ಟು ಪ್ರೋಟೀನ್ ಇದೆ. ಮೊಟ್ಟೆ, ಮೀನು, ಕೋಳಿ ತಿನ್ನುವವರಿಗೆ ಹಾದಿ ಸುಲಭ. ಸಸ್ಯಾಹಾರಿಗಳು ಮೊಸರು, ಪನೀರ್, ಸೋಯಾ, ಕಡಲೆಕಾಯಿಗಳನ್ನು ಪ್ರತಿ ಹೊತ್ತಿಗೂ ಹಂಚಿಕೊಳ್ಳಬೇಕು. ಗಾಯವಾದಾಗ ದಪ್ಪ ಆಗುತ್ತೇನೆಂದು ಊಟ ಕಡಿತಗೊಳಿಸುವುದು ಮಾಯುವಿಕೆಗೆ ಅಡ್ಡಿ. ಮೂಳೆಯ ಗಾಯವಿದ್ದವರು ವಿಟಮಿನ್ ಡಿ ಪರೀಕ್ಷೆ ಮಾಡಿಸಿಕೊಳ್ಳಬೇಕು, ಬಿಸಿಲಿನ ನಾಡಿನಲ್ಲೂ ಅದರ ಕೊರತೆ ವ್ಯಾಪಕ. ನಿದ್ದೆ ಏಳೆಂಟು ಗಂಟೆಗಿಂತ ಕಡಿಮೆಯಾಗಬಾರದು.

ಅಂಗಳಕ್ಕೆ ಮರಳುವ ನಿರ್ಧಾರ

ಗಾಯದ ಕಾಲಿನ ಬಲ ಮತ್ತು ಒಂಟಿಕಾಲ ಜಿಗಿತದ ದೂರ ಇನ್ನೊಂದು ಕಾಲಿನ ಕನಿಷ್ಠ ಶೇ 90ರಷ್ಟಿರಬೇಕು ಎಂಬುದು ಪ್ರಚಲಿತ ಅಳತೆ. ಇದರಲ್ಲೊಂದು ಮೋಸವಿದೆ: ತಿಂಗಳುಗಟ್ಟಲೆ ಆಡದಿದ್ದಾಗ ಒಳ್ಳೆಯ ಕಾಲೂ ದುರ್ಬಲವಾಗಿರುತ್ತದೆ, ಅದರ ಶೇ 90 ಎಂಬುದು ನಿಜವಾಗಿ ಬಹಳ ಕಡಿಮೆ ಇರಬಹುದು. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಒಳ್ಳೆಯ ಕಾಲಿನ ಬಲ ಅಳೆದಿಡುವುದು ಜಾಣತನ. ಜಿಗಿತದ ದೂರದ ಜೊತೆಗೆ ಇಳಿಯುವ ಭಂಗಿಯನ್ನೂ ನೋಡಬೇಕು. ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದರೆ ಮಂಡಿ ಒಳಕ್ಕೆ ಬೀಳುವುದು, ಮುಂಡ ಒಳ್ಳೆಯ ಕಾಲಿನ ಕಡೆ ವಾಲುವುದು ಯಾರಿಗೂ ಕಾಣುತ್ತದೆ.

ಮನಸ್ಸಿನ ಮಾತು ಇದರಷ್ಟೇ ತೂಕದ್ದು. ಅಡ್ಡರಜ್ಜು ಮರುಜೋಡಣೆ ಮಾಡಿಸಿಕೊಂಡವರಲ್ಲಿ ಶೇ 80ರಷ್ಟು ಮಂದಿ ಯಾವುದಾದರೊಂದು ಆಟಕ್ಕೆ ಮರಳಿದರೂ ಸ್ಪರ್ಧಾತ್ಮಕ ಆಟಕ್ಕೆ ಮರಳುವವರು ಶೇ 55ರಷ್ಟು ಎಂದು 2014ರ ಸಮಗ್ರ ವಿಶ್ಲೇಷಣೆಯೊಂದು ತೋರಿಸಿತು. ಹಿಂದುಳಿದವರಲ್ಲಿ ಅನೇಕರ ಮಂಡಿ ಗಟ್ಟಿಯಾಗಿತ್ತು; ಮತ್ತೆ ಹರಿಯಬಹುದೆಂಬ ಭಯ ಬಿಟ್ಟಿರಲಿಲ್ಲ. ಆ ಭಯ ನಾಚಿಕೆಪಡುವಂಥದ್ದಲ್ಲ. ತಂಡದ ಜೊತೆ ಹಂತಹಂತವಾಗಿ ಅಭ್ಯಾಸ, ಮೊದಲು ಮೈಗೆ ಮೈ ತಾಗದ ಆಟ, ನಂತರ ಪೂರ್ಣ ಆಟ ಎಂಬ ಏರಿಕೆ ಅದನ್ನು ಕರಗಿಸುತ್ತದೆ.

ಕೆಲವು ಲಕ್ಷಣಗಳಿಗೆ ವ್ಯಾಯಾಮ ಉತ್ತರವಲ್ಲ. ಬೆನ್ನುನೋವಿನ ಜೊತೆ ತೊಡೆಸಂದಿನಲ್ಲಿ ಜೋಮು, ಮೂತ್ರದ ಹಿಡಿತ ತಪ್ಪುವುದು. ರಾತ್ರಿ ಎಚ್ಚರಿಸುವ ನೋವು ಮತ್ತು ಜ್ವರ. ಶಸ್ತ್ರಚಿಕಿತ್ಸೆಯ ನಂತರ ಮೀನಖಂಡ ಊದಿ ನೋಯುವುದು ಅಥವಾ ಉಸಿರು ಕಟ್ಟುವುದು. ತಲೆಗೆ ಪೆಟ್ಟಾದ ಮೇಲೆ ವಾಂತಿ, ಗೊಂದಲ. ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕರ್ನಾಟಕದಲ್ಲಿ

ದೇಶದ ಕ್ರೀಡಾ ಪುನಶ್ಚೇತನದ ದೊಡ್ಡ ಪಾಲು ಬೆಂಗಳೂರಿನಲ್ಲಿ ನಡೆಯುತ್ತದೆ. 2000ದಲ್ಲಿ ಆರಂಭವಾದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಕೆಲಸ 2024ರ ಸೆಪ್ಟೆಂಬರ್‌ನಲ್ಲಿ ವಿಮಾನ ನಿಲ್ದಾಣದ ಸಮೀಪ ಉದ್ಘಾಟನೆಯಾದ ಬಿಸಿಸಿಐನ ಉತ್ಕೃಷ್ಟತಾ ಕೇಂದ್ರಕ್ಕೆ ಸಾಗಿತು. ಭಾರತೀಯ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರ ಹಾಕಿ, ಅಥ್ಲೆಟಿಕ್ಸ್ ಆಟಗಾರರಿಗೆ ನೆಲೆ; ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರದಲ್ಲೂ ಕ್ರೀಡಾ ವೈದ್ಯಕೀಯ ಸೌಲಭ್ಯವಿದೆ. ಇವು ಆಯ್ದ ಆಟಗಾರರಿಗೆ ದಕ್ಕುವಂಥವು. ತಾಲ್ಲೂಕು ಮಟ್ಟದ ಕಬಡ್ಡಿ, ಕೊಕ್ಕೊ, ವಾಲಿಬಾಲ್ ಆಟಗಾರ ಉಳುಕು ತೆಗೆಸಲು ನಾಟಿ ವೈದ್ಯರಲ್ಲಿಗೆ ಹೋಗುತ್ತಾನೆ, ಮುರಿದಿದ್ದರೆ ಆಂಧ್ರದ ಪುತ್ತೂರಿನ ಕಟ್ಟು ಹಾಕಿಸಿಕೊಂಡು ಬರುತ್ತಾನೆ. ಮುರಿತ ಕೂಡಿಕೊಂಡರೂ ಕಟ್ಟು ಬಿಚ್ಚಿದ ಮೇಲೆ ಬಲ ಕಟ್ಟಿಸುವವರು ಯಾರೂ ಇರುವುದಿಲ್ಲ, ಆಟ ಅಲ್ಲಿಗೆ ನಿಲ್ಲುತ್ತದೆ.

ಈ ಕೊರತೆ ನೀಗಲು ಹಣಕ್ಕಿಂತ ತಿಳಿವಳಿಕೆ ಮುಖ್ಯ. ಈ ಲೇಖನದಲ್ಲಿ ಹೇಳಿದ ಅಭ್ಯಾಸಗಳಲ್ಲಿ ಬಹುಪಾಲಿಗೆ ಒಂದು ಮೆಟ್ಟಿಲು, ಒಂದು ಟವೆಲು, ಒಂದು ಗೋಡೆ, ಮರಳು ತುಂಬಿದ ಚೀಲ ಇಷ್ಟು ಸಾಕು. ಫಿಫಾ ರೂಪಿಸಿದ ‘11 ಪ್ಲಸ್’ ಎಂಬ ಇಪ್ಪತ್ತು ನಿಮಿಷಗಳ ಪೂರ್ವಾಭ್ಯಾಸದಲ್ಲಿ ಓಟ, ಹಲಗೆ ಭಂಗಿ, ನಾರ್ಡಿಕ್ ಅಭ್ಯಾಸ, ಒಂಟಿಕಾಲ ಸಮತೋಲನ, ಜಿಗಿದು ಇಳಿಯುವುದು ಎಲ್ಲವೂ ಇವೆ. ವಾರಕ್ಕೆ ಎರಡು ಮೂರು ಬಾರಿ ಇದನ್ನು ಮಾಡಿದ ತಂಡಗಳಲ್ಲಿ ಗಾಯಗಳು ಮೂರನೇ ಒಂದು ಭಾಗದಷ್ಟು ಇಳಿದಿವೆ. ಗಾಯವಾಗಿ ಮರಳಿದ ಆಟಗಾರ ಇದನ್ನು ತನ್ನ ನಿತ್ಯದ ಅಭ್ಯಾಸದಲ್ಲಿ ಉಳಿಸಿಕೊಳ್ಳುತ್ತಾನೆ, ಉಳಿದವರು ಅವನ ಜೊತೆ ಮಾಡುತ್ತಾರೆ. ಶಾಲೆಯ ದೈಹಿಕ ಶಿಕ್ಷಕರು ಒಂದೆರಡು ದಿನದ ತರಬೇತಿಯಲ್ಲಿ ಇದನ್ನು ಕಲಿತು ಮಕ್ಕಳಿಗೆ ಕಲಿಸಬಹುದು.